ಎದುರಿಗೆ ಒಬ್ಬರು ಕುಳಿತೊಡನೆ ತಲೆ ಖಾಲಿಯಾಗುವುದೇಕೆ?

ಪ್ರಶ್ನೆ: ನಾನು ಏಳು ವರ್ಷಗಳಿಂದ ಬ್ಯಾಕೆಂಡ್ ಡೆವಲಪರ್, ಅಂದರೆ ತೆರೆಯ ಹಿಂದೆ ಸರ್ವರಿನಲ್ಲಿ ಓಡುವ ಸಾಫ್ಟ್‌ವೇರ್ ಬರೆಯುವವನು. ನಡುರಾತ್ರಿ ಸರ್ವರ್ ಕೈಕೊಟ್ಟರೆ ತಂಡದವರು ಮೊದಲು ಕರೆಯುವುದು ನನ್ನನ್ನೇ. ಆಗ ನನಗೆ ಗಾಬರಿಯಾಗುವುದಿಲ್ಲ. ಆದರೆ ಕೆಲಸ ಬದಲಿಸಲೆಂದು ಸಂದರ್ಶನಕ್ಕೆ ಕುಳಿತರೆ ಬೇರೆಯೇ ಮನುಷ್ಯನಾಗುತ್ತೇನೆ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಚೆನ್ನಾಗಿ ಗೊತ್ತಿರುವುದೂ ಹೊಳೆಯುವುದಿಲ್ಲ. ಆನ್‌ಲೈನ್ ಸಂದರ್ಶನದ ಕರೆ ಮುಗಿದ ಹತ್ತು ನಿಮಿಷಕ್ಕೆ ಉತ್ತರ ತಾನಾಗಿ ಬರುತ್ತದೆ. ಕಳೆದ ತಿಂಗಳು ಇದಕ್ಕಿಂತ ಕೆಟ್ಟದ್ದು ನಡೆಯಿತು. ಒಂದರ ಮೇಲೊಂದು ಬರುವ ಕಾಲಾವಧಿಗಳನ್ನು ಒಗ್ಗೂಡಿಸುವ ಕೋಡ್ ಬರೆಯಲು ಹೇಳಿದ್ದರು. ನಾನು ಬರೆಯುವಷ್ಟು ಹೊತ್ತೂ ಸಂದರ್ಶಕರು ಮಾತಿಲ್ಲದೆ ಏನನ್ನೋ ಟೈಪ್ ಮಾಡುತ್ತಿದ್ದರು. ಮುಗಿಸಿದ ಮೇಲೆ, ‘1ರಿಂದ 10, 2ರಿಂದ 3, ಈ ಎರಡನ್ನು ಕೊಟ್ಟರೆ ಏನು ಬರುತ್ತದೆ?’ ಎಂದರು. ತಡವರಿಸಿದೆ. ‘ಏಳು ವರ್ಷದ ಅನುಭವ ಎಂದು ಬರೆದಿದ್ದೀರಲ್ಲವೇ?’ ಎಂದರು. ತಡೆಯಲಾಗಲಿಲ್ಲ. ‘ಇಂಥದ್ದನ್ನು ಕೆಲಸದಲ್ಲಿ ಯಾರೂ ಮಾಡುವುದಿಲ್ಲ’ ಎಂದು ದನಿ ಏರಿಸಿ ಕರೆ ಕಡಿದುಬಿಟ್ಟೆ. ಒಬ್ಬ ಗೆಳೆಯ ಇನ್ನೂ ಐನೂರು ಕೋಡಿಂಗ್ ಲೆಕ್ಕ ಬಿಡಿಸು ಎನ್ನುತ್ತಾನೆ. ಇನ್ನೊಬ್ಬ ನಡುಕ ನಿಲ್ಲಿಸುವ ಮಾತ್ರೆ ಇದೆ ಎನ್ನುತ್ತಾನೆ. ನನ್ನ ಸ್ವಭಾವವೇ ಸಂದರ್ಶನಕ್ಕೆ ಒಗ್ಗುವಂಥದ್ದಲ್ಲವೇ? ಅಂದು ನಡೆದದ್ದನ್ನು ಸರಿಪಡಿಸಲು ದಾರಿಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಯಾರಾದರೂ ನೋಡುತ್ತಿದ್ದರೆ ತಲೆ ಓಡದಿರುವುದು. ಎರಡು, ಚುಚ್ಚುಮಾತು ಬಿದ್ದಾಗ ಮಾತು ಹದ ತಪ್ಪುವುದು. ಎರಡಕ್ಕೂ ಬೇರು ಒಂದೇ ಆದರೂ ಮದ್ದು ಬೇರೆ ಬೇರೆ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಸಾಫ್ಟ್‌ವೇರ್ ಹುದ್ದೆಗಳಿಗೆ ಅಭ್ಯರ್ಥಿಗಳನ್ನು ಆರಿಸುವ ಕೆಲಸವನ್ನು ನಾನು ಬಹುಕಾಲದಿಂದ ಮಾಡುತ್ತಿದ್ದೇನೆ, ಸಂದರ್ಶಕರಿಗೆ ತರಬೇತಿಯನ್ನೂ ಕೊಡುತ್ತೇನೆ. ನೀವು ಬರೆದಂಥ ಸ್ಥಿತಿಯಲ್ಲಿ ಸಿಕ್ಕಿಕೊಂಡ ಒಳ್ಳೆಯ ಎಂಜಿನಿಯರುಗಳನ್ನು ಮೇಜಿನ ಈಚೆ ಕುಳಿತು ಪದೇ ಪದೇ ಕಂಡಿದ್ದೇನೆ. ಕೆಲಸ ಬಲ್ಲವರು ಹೀಗೆ ಕೈತಪ್ಪಿ ಹೋಗುವುದು ನನಗೆ ಈಗಲೂ ಸಂಕಟದ ವಿಷಯ.

ಮೊದಲು ಸ್ವಭಾವದ ಮಾತು. ನಡುರಾತ್ರಿ ಸರ್ವರ್ ಬಿದ್ದಾಗ ನೀವು ಗಾಬರಿಯಾಗುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಅಳ್ಳೆದೆಯವರು ಆ ಕೆಲಸ ಮಾಡಲಾರರು. ಹಾಗಾದರೆ ಅಲ್ಲಿ ಇರುವುದೇನು, ಇಲ್ಲಿ ಇಲ್ಲದಿರುವುದೇನು? ಅಲ್ಲಿ ಕೈಗೆ ತಕ್ಷಣ ಕೆಲಸವಿದೆ: ಲಾಗ್ ಎಂಬ ಸರ್ವರಿನ ದಿನಚರಿ ತೆರೆಯಬೇಕು, ಕೊನೆಯದಾಗಿ ಬಿಡುಗಡೆಯಾದ ಕೋಡ್ ಯಾವುದೆಂದು ನೋಡಬೇಕು, ಡೇಟಾಬೇಸ್ ಸಂಪರ್ಕ ಪರೀಕ್ಷಿಸಬೇಕು. ಒಂದು ಹೆಜ್ಜೆ ಮುಂದಿನದನ್ನು ತೋರಿಸುತ್ತದೆ. ಎದುರಿಗಿರುವುದು ಯಂತ್ರ, ಪಕ್ಕದಲ್ಲಿರುವವರು ನಿಮ್ಮವರು, ಯಾರೂ ಅಂಕ ಹಾಕುತ್ತಿಲ್ಲ. ಸಂದರ್ಶನದಲ್ಲಿ ಇದೆಲ್ಲವೂ ತಲೆಕೆಳಗು. ಮುಂದಿನ ಹೆಜ್ಜೆ ಯಾವುದೆಂದು ಯಾರೂ ಕಲಿಸಿಲ್ಲ, ಎದುರಿಗೆ ಅಪರಿಚಿತರು, ಅವರ ಕೈಯಲ್ಲಿ ನಿಮ್ಮ ಮುಂದಿನ ಕೆಲಸ. ನೀವು ಸಮಾಧಾನದಿಂದ ಇರುವ ಕಡೆ ನಿಮ್ಮನ್ನು ಕಾಯುತ್ತಿರುವುದು ರೂಢಿಯಾದ ಹೆಜ್ಜೆಗಳು. ಸಂದರ್ಶನಕ್ಕೂ ಅಂಥ ಹೆಜ್ಜೆಗಳನ್ನು ಕಟ್ಟಿಕೊಳ್ಳಬಹುದು. ನನ್ನ ಉತ್ತರದ ಸಾರವೆಲ್ಲ ಇಷ್ಟೇ, ಉಳಿದದ್ದು ವಿವರ.

ದೇಹದಲ್ಲಿ ನಡೆಯುವುದೇನು?

ಮನಶ್ಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ಒತ್ತಡವನ್ನು ಬೇಕೆಂದೇ ಹುಟ್ಟಿಸಬೇಕಾದಾಗ ಬಳಸುವ ಒಂದು ಪ್ರಸಿದ್ಧ ಪರೀಕ್ಷೆ ಇದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಏನು ಮಾಡಿಸುತ್ತಾರೆ ಗೊತ್ತೇ? ಮುಖದಲ್ಲಿ ಯಾವ ಭಾವವನ್ನೂ ತೋರದಂತೆ ತರಬೇತಿ ಪಡೆದ ಕೆಲವರ ಮುಂದೆ ನಿಂತು, ಒಂದು ಉದ್ಯೋಗಕ್ಕೆ ತಾನೇ ಏಕೆ ತಕ್ಕವನು ಎಂದು ಐದು ನಿಮಿಷ ಮಾತನಾಡಬೇಕು. ಆಮೇಲೆ 1022ರಿಂದ ಹದಿಮೂರು ಹದಿಮೂರು ಕಳೆಯುತ್ತ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಮತ್ತೆ 1022ರಿಂದ ಆರಂಭ. ಇಷ್ಟು ಮಾಡಿಸಿದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿನವರಲ್ಲಿ ಏರುತ್ತದೆ, ಹೃದಯದ ಬಡಿತವೂ ಏರುತ್ತದೆ. ಉದ್ಯೋಗದ ಸಂದರ್ಶನ, ನಿರ್ಭಾವದ ಮುಖಗಳು, ಜನರೆದುರು ಲೆಕ್ಕ: ತಾಂತ್ರಿಕ ಸಂದರ್ಶನದಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ. ನಿಮ್ಮ ಎದೆ ಡವಗುಟ್ಟುವುದು ಆರೋಗ್ಯವಂತ ದೇಹದ ಸಹಜ ಪ್ರತಿಕ್ರಿಯೆ.

ತಲೆ ಖಾಲಿಯಾಗುವುದಕ್ಕೂ ಕಾರಣವಿದೆ. ಕೈಯಲ್ಲಿರುವ ಕೆಲಸಕ್ಕೆ ಬೇಕಾದುದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪು ಬಹಳ ಚಿಕ್ಕದು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಅಂಶಗಳು ಎಂದರು, ನಂತರದ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ‘ಇವರು ಏನೆಂದುಕೊಳ್ಳುತ್ತಿದ್ದಾರೆ’, ‘ಸಮಯ ಮುಗಿಯುತ್ತಿದೆ’, ‘ಈ ಕೆಲಸವೂ ಹೋಯಿತು’ ಎಂಬ ಯೋಚನೆಗಳು ಒಳಗೆ ಬಂದು ಕುಳಿತರೆ ಲೆಕ್ಕಕ್ಕೆ ಉಳಿಯುವ ಜಾಗವೆಷ್ಟು? ನೀವು ಕಲಿತದ್ದು ಎಲ್ಲಿಗೂ ಹೋಗಿಲ್ಲ, ಕರೆ ಮುಗಿದ ಹತ್ತು ನಿಮಿಷಕ್ಕೆ ಅದು ಹೊಳೆಯುವುದೇ ಅದಕ್ಕೆ ಸಾಕ್ಷಿ. ಕಾವಲು ಹೋದೊಡನೆ ಜಾಗ ತೆರವಾಗುತ್ತದೆ.

ನಮ್ಮ ಕ್ಷೇತ್ರಕ್ಕೇ ಸೇರಿದ ಒಂದು ಅಧ್ಯಯನವೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. 48 ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸಂದರ್ಶಕರ ಎದುರು, ಯೋಚನೆಯನ್ನು ಹೇಳುತ್ತ ವೈಟ್‌ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಹೇಳಿದರು. ಉಳಿದವರನ್ನು ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟರು. ಯಾರಾದರೂ ನೋಡುತ್ತಿದ್ದಾಗ ಸಾಧನೆ ಅರ್ಧಕ್ಕಿಂತಲೂ ಹೆಚ್ಚು ಕುಸಿಯಿತು. ಸಂದರ್ಶಕರ ಎದುರು ಬರೆದ ಮಹಿಳೆಯರೆಲ್ಲರೂ ಸೋತರು, ಒಂಟಿಯಾಗಿ ಬರೆದ ಮಹಿಳೆಯರೆಲ್ಲರೂ ಗೆದ್ದರು. ಸಂಖ್ಯೆ ಸಣ್ಣದು, ಆದ್ದರಿಂದ ಇದೇ ಕೊನೆಯ ತೀರ್ಪು ಎನ್ನಲಾಗದು. ಆದರೂ ಇದನ್ನು ಓದಿದ ಮೇಲೆ ನಾನು ಸಂದರ್ಶನ ಮಾಡುವ ರೀತಿಯನ್ನು ಬದಲಿಸಿಕೊಂಡೆ. ಪ್ರಶ್ನೆ ಕೊಟ್ಟ ಮೇಲೆ ಕ್ಯಾಮೆರಾ, ಮೈಕ್ ಎರಡನ್ನೂ ಆರಿಸಿ ಕೆಲವು ನಿಮಿಷ ಅಭ್ಯರ್ಥಿಯನ್ನು ಒಂಟಿಯಾಗಿ ಬಿಡುತ್ತೇನೆ. ಎಲ್ಲರೂ ಹೀಗೆ ಮಾಡಬೇಕೆಂಬುದು ನನ್ನ ಆಸೆ. ಆದರೆ ನೀವು ಎದುರಿಸುವ ಸಂದರ್ಶಕರನ್ನು ನೀವು ಆರಿಸಲಾಗದು. ಆದುದರಿಂದ ನಿಮ್ಮ ಕೈಯಲ್ಲಿರುವುದನ್ನೇ ಮಾತನಾಡೋಣ.

ಕೆಲವು ತಪ್ಪು ನಂಬಿಕೆಗಳು

‘ನನ್ನ ನಡುಕ ಅವರಿಗೆ ಎದ್ದು ಕಾಣುತ್ತಿದೆ.’ ಬಹುಪಾಲು ಕಾಣುವುದಿಲ್ಲ. ನಮ್ಮ ಒಳಗಿನ ಗಾಬರಿ ಹೊರಗಿನವರಿಗೆ ಎಷ್ಟು ಕಾಣುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಹೆಚ್ಚಾಗಿ ಅಂದಾಜಿಸುತ್ತೇವೆ. ಸಾವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ತೋರಿಸಿದ ವಿಷಯ ಇನ್ನೂ ಸ್ವಾರಸ್ಯಕರ: ಈ ಸಂಗತಿಯನ್ನು ಮೊದಲೇ ತಿಳಿಸಿದ್ದ ಭಾಷಣಕಾರರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಅಂದರೆ ಈ ಒಂದು ವಿಷಯ ತಿಳಿದಿರುವುದೇ ಸ್ವಲ್ಪ ಮಟ್ಟಿಗೆ ಮದ್ದು.

‘ಸಂದರ್ಶಕರು ಸುಮ್ಮನಿದ್ದರೆ ಮನಸ್ಸಿನಲ್ಲಿ ತಿರಸ್ಕರಿಸಿ ಆಗಿದೆ.’ ನಿಮ್ಮನ್ನು ಕಂಗೆಡಿಸಿದ ಆ ಟೈಪಿಂಗ್ ಸದ್ದಿನ ಬಗ್ಗೆ ಹೇಳಲೇಬೇಕು. ವ್ಯವಸ್ಥಿತವಾಗಿ ಸಂದರ್ಶನ ನಡೆಸುವ ಸಂಸ್ಥೆಗಳಲ್ಲಿ ನಮ್ಮೆದುರು ಒಂದು ಟಿಪ್ಪಣಿ ನಮೂನೆ ತೆರೆದಿರುತ್ತದೆ. ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಂಡರೇ, ದಾರಿಯನ್ನು ವಿವರಿಸಿದರೇ, ಸುಳಿವು ಕೊಟ್ಟಾಗ ಬಳಸಿಕೊಂಡರೇ, ತಮ್ಮ ತಪ್ಪನ್ನು ತಾವೇ ಕಂಡರೇ ಎಂದು ನೀವು ಆಡಿದ ಮಾತಿನ ಸಮೇತ ಬರೆಯಬೇಕು. ಬರೆಯದಿದ್ದರೆ ಆಮೇಲೆ ಆಯ್ಕೆಯ ಸಭೆಯಲ್ಲಿ ನಿಮ್ಮ ಪರವಾಗಿ ಮಾತನಾಡಲು ನಮಗೆ ಆಧಾರವೇ ಇರುವುದಿಲ್ಲ. ನಾನು ಅತಿ ಹೆಚ್ಚು ಟೈಪ್ ಮಾಡುವುದು ಅಭ್ಯರ್ಥಿ ಚೆನ್ನಾಗಿ ಮಾಡುತ್ತಿರುವಾಗ.

‘ಒಂದು ತಪ್ಪು ಮಾಡಿದರೆ ಮುಗಿಯಿತು.’ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಿದ್ಧ ಕೋಡಿನ ಸಂಗ್ರಹದ ಹಲವು ಭಾಗಗಳನ್ನು ರೂಪಿಸಿದ ಜೋಶುವಾ ಬ್ಲಾಕ್ 2006ರಲ್ಲಿ ಒಂದು ಸಂಗತಿ ಬರೆದರು. ಅನುಕ್ರಮದಲ್ಲಿರುವ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವುದಕ್ಕೆ ಬೈನರಿ ಸರ್ಚ್ ಎನ್ನುತ್ತಾರೆ, ಅದಕ್ಕೆ ಅವರೇ ಬರೆದ ಕೋಡಿನಲ್ಲಿ ಸುಮಾರು ಒಂಬತ್ತು ವರ್ಷ ಒಂದು ಬಗ್, ಅಂದರೆ ದೋಷ, ಅಡಗಿತ್ತು. ನಡುವಿನ ಸ್ಥಾನ ಹುಡುಕಲು ಎರಡು ತುದಿಗಳ ಸ್ಥಾನಸಂಖ್ಯೆಗಳನ್ನು ಕೂಡುತ್ತೇವಲ್ಲ, ಪಟ್ಟಿ ಅತಿ ದೊಡ್ಡದಾದರೆ ಆ ಮೊತ್ತ ಪೂರ್ಣಾಂಕಕ್ಕೆ ಕೊಟ್ಟ ಜಾಗದ ಮಿತಿ ಮೀರಿ ಋಣಸಂಖ್ಯೆಯಾಗಿಬಿಡುತ್ತಿತ್ತು. ಪಾಠಗಳಲ್ಲಿ ಮೊದಲು ಕಲಿಸುವ ಅಲ್ಗಾರಿದಮ್‌ಗಳಲ್ಲಿ ಒಂದು ಅದು, ಬರೆದವರು ಮಹಾನ್ ಪರಿಣತರು. ಬಗ್ ಬರುತ್ತದೆಂಬುದು ಅನುಭವಿ ಸಂದರ್ಶಕರಿಗೆಲ್ಲ ಗೊತ್ತು. ಬಗ್ ತೋರಿಸಿದಾಗ ನೀವು ಏನು ಮಾಡುತ್ತೀರಿ ಎಂಬುದೇ ನಮಗೆ ಬೇಕಾದ ಮಾಹಿತಿ.

‘ಸಮಾಧಾನ, ಸಮಾಧಾನ ಎಂದು ಮನಸ್ಸಿಗೆ ಹೇಳಿಕೊಳ್ಳಬೇಕು.’ ಏರಿದ ಎದೆಬಡಿತವನ್ನು ಆಜ್ಞೆ ಕೊಟ್ಟು ಇಳಿಸಲಾಗದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಭಾಷಣದಲ್ಲಿ ಮೇಲುಗೈ ಪಡೆದರು. ಎದೆಬಡಿತ ಹಾಗೆಯೇ ಇರಲಿ, ಅದನ್ನು ಅಪಾಯದ ಗಂಟೆ ಎಂದು ಓದುವುದನ್ನು ಬಿಟ್ಟರೆ ಸಾಕು.

ಇನ್ನು ಐನೂರು ಲೆಕ್ಕದ ಸಲಹೆ. ಪ್ರಶ್ನೆಗಳ ಮಾದರಿ ಪರಿಚಯವಾಗುವ ತನಕ ಅದು ಉಪಯುಕ್ತ. ಏಳು ವರ್ಷ ಅನುಭವದ ನಿಮಗೆ ಕೊರತೆ ಇರುವುದು ಅಲ್ಲಿ ಅಲ್ಲ. ಕದ ಹಾಕಿಕೊಂಡು ಇನ್ನಷ್ಟು ಲೆಕ್ಕ ಬಿಡಿಸುವುದು ದಡದಲ್ಲಿ ಕುಳಿತು ಈಜು ಕಲಿತಂತೆ. ಎಷ್ಟು ಬಿಡಿಸಿದರೂ ನೋಡುವ ಕಣ್ಣೊಂದು ಎದುರಿಗಿರುವುದರ ಅಭ್ಯಾಸ ಆಗುವುದಿಲ್ಲ.

ಅದೇ ಪ್ರಶ್ನೆ, ಇನ್ನೊಂದು ಬಾರಿ

ನಿಮಗೆ ಕೊಟ್ಟ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. 1–4, 2–6, 8–10 ಎಂಬ ಕಾಲಾವಧಿಗಳಿವೆ. ಒಂದರ ಮೇಲೊಂದು ಬರುವುದನ್ನು ಕೂಡಿಸಿದರೆ 1–6, 8–10 ಆಗಬೇಕು. ಪ್ರಶ್ನೆ ಕೇಳಿದ ಕೂಡಲೇ ತಲೆ ಖಾಲಿಯಾಯಿತು ಎಂದಿಟ್ಟುಕೊಳ್ಳಿ. ಆಗ ಯೋಚಿಸಲು ಹೋಗಬೇಡಿ, ಕೈಗೆ ಕೆಲಸ ಕೊಡಿ.

ಮೊದಲ ಹೆಜ್ಜೆ: ಕೊಟ್ಟ ಉದಾಹರಣೆಯನ್ನು ಪರದೆಯ ಮೇಲೆ ನಿಮ್ಮ ಕೈಯಾರೆ ಟೈಪ್ ಮಾಡಿ. ಬುದ್ಧಿ ಬೇಡದ ಕೆಲಸ, ಆದರೆ ಉಸಿರು ತಹಬಂದಿಗೆ ಬರಲು ಅರ್ಧ ನಿಮಿಷ ಸಿಗುತ್ತದೆ. ಪರದೆಗೆ ಇಳಿದದ್ದನ್ನು ತಲೆಯಲ್ಲಿ ಹೊರಬೇಕಾಗಿಯೂ ಇಲ್ಲ, ಆ ಚಿಕ್ಕ ನೆನಪಿನಲ್ಲಿ ಅಷ್ಟು ಜಾಗ ಉಳಿಯಿತು. ಎರಡನೆಯದು: ಪ್ರಶ್ನೆ ಕೇಳಿ. ‘ಪಟ್ಟಿ ಮೊದಲೇ ಅನುಕ್ರಮದಲ್ಲಿರುತ್ತದೆಯೇ? 1–4 ಮತ್ತು 4–5 ತುದಿ ಮುಟ್ಟಿದರೆ ಕೂಡಿಸಬೇಕೇ? ಪಟ್ಟಿ ಖಾಲಿ ಬರಬಹುದೇ?’ ಇವು ಕೆಲಸದಲ್ಲಿ ನೀವು ದಿನವೂ ಕೇಳುವ ಪ್ರಶ್ನೆಗಳೇ. ಜೊತೆಗೆ, ಮಾತು ಎರಡೂ ಕಡೆಯಿಂದ ಆರಂಭವಾದರೆ ಪರೀಕ್ಷೆಯ ಬಿಗಿ ಅರ್ಧ ಸಡಿಲವಾಗುತ್ತದೆ. ಮೂರನೆಯದು: ಅತಿ ದಡ್ಡ ದಾರಿಯನ್ನು ಹೇಳಿ. ‘ಪ್ರತಿಯೊಂದನ್ನೂ ಉಳಿದೆಲ್ಲವುಗಳ ಜೊತೆ ಹೋಲಿಸಬಹುದು, ಆದರೆ ಪಟ್ಟಿ ದೊಡ್ಡದಾದರೆ ನಿಧಾನ. ಆರಂಭದ ಸಮಯದ ಪ್ರಕಾರ ಮೊದಲೇ ಜೋಡಿಸಿದರೆ ಪಕ್ಕದ್ದನ್ನು ಮಾತ್ರ ನೋಡಿದರೆ ಸಾಕಲ್ಲವೇ?’ ಗಮನಿಸಿ, ದಡ್ಡ ದಾರಿಯನ್ನು ಬಾಯಿಬಿಟ್ಟು ಹೇಳುತ್ತಿದ್ದಂತೆಯೇ ಜಾಣ ದಾರಿ ಬಂದುಬಿಟ್ಟಿತು. ಹೆಚ್ಚಿನ ಪ್ರಶ್ನೆಗಳಲ್ಲಿ ಹೀಗೆಯೇ ಆಗುತ್ತದೆ, ಬಾರದಿದ್ದರೂ ನಿಮ್ಮ ಕೈಯಲ್ಲಿ ನಡೆಯುವ ಒಂದು ಉತ್ತರ ಇದೆ.

ಈಗ ಆ ಚುಚ್ಚಿದ ಪ್ರಶ್ನೆಗೆ ಬರೋಣ. 1–10, 2–3. ಈ ಲೆಕ್ಕದಲ್ಲಿ ನಾನು ಅತಿ ಹೆಚ್ಚಾಗಿ ಕಾಣುವ ತಪ್ಪೊಂದಿದೆ: ಎರಡು ಅವಧಿಗಳು ಒಂದರ ಮೇಲೊಂದು ಬಂದರೆ, ಎರಡನೆಯದರ ಕೊನೆಯನ್ನೇ ಒಟ್ಟು ಅವಧಿಯ ಕೊನೆ ಮಾಡಿಬಿಡುವುದು. 1–4, 2–6ಕ್ಕೆ ಅದು ಸರಿಯಾಗಿ ಕೆಲಸ ಮಾಡುತ್ತದೆ. 1–10, 2–3ಕ್ಕೆ ಮಾತ್ರ 1–3 ಎಂಬ ಉತ್ತರ ಕೊಟ್ಟು ಮಿಕ್ಕದ್ದನ್ನು ನುಂಗಿಹಾಕುತ್ತದೆ. ಎರಡು ಕೊನೆಗಳಲ್ಲಿ ದೊಡ್ಡದನ್ನು ಇಟ್ಟುಕೊಳ್ಳಬೇಕು, ತಿದ್ದುಪಡಿ ಒಂದೇ ಸಾಲು. ನಿಮ್ಮ ಕೋಡನ್ನು ನಾನು ನೋಡಿಲ್ಲ, ಆದರೂ ನಿಮ್ಮ ಸಂದರ್ಶಕರು ಆರಿಸಿದ ಅಂಕಿಗಳನ್ನು ನೋಡಿದರೆ ಅವರು ಕೊಟ್ಟದ್ದು ಸುಳಿವು ಎಂದು ನನಗೆ ಬಲವಾಗಿ ಅನಿಸುತ್ತದೆ. ತಪ್ಪು ಇಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಬದಲು, ನೀವೇ ಕಂಡುಕೊಳ್ಳಲಿ ಎಂದು ಬಾಗಿಲು ತೆರೆದಿದ್ದರು. ಒತ್ತಡದಲ್ಲಿದ್ದ ನಿಮಗೆ ಅದು ಹಂಗಿಸಿದಂತೆ ಕೇಳಿಸಿತು.

ಇದನ್ನು ತಪ್ಪಿಸಲು ಒಂದೇ ರೂಢಿ ಸಾಕು. ಸಂದರ್ಶಕರು ಉದಾಹರಣೆ ಕೊಟ್ಟರೆ, ‘ಖಚಿತವೇ?’ ಎಂದರೆ, ಹುಬ್ಬೇರಿಸಿದರೆ, ನಿಮ್ಮ ಬಾಯಿಂದ ಮೊದಲು ಬರಬೇಕಾದ ವಾಕ್ಯ ಇದು: ‘ಒಂದು ನಿಮಿಷ, ಈ ಉದಾಹರಣೆಯನ್ನು ಸಾಲು ಸಾಲಾಗಿ ನಡೆಸಿ ನೋಡುತ್ತೇನೆ.’ ಆಮೇಲೆ ಬೆರಳಿಟ್ಟು ನಡೆಸಿ. ಕೋಡ್ ಸರಿಯಿದ್ದರೆ ಅದು ಸಾಬೀತಾಗುತ್ತದೆ, ತಪ್ಪಿದ್ದರೆ ಅದನ್ನು ಕಂಡವರು ನೀವೇ ಆಗುತ್ತೀರಿ. ಆಗ ಸಂದರ್ಶಕರು ಬರೆಯುವ ಟಿಪ್ಪಣಿ, ‘ಸುಳಿವು ಕೊಟ್ಟ ಕೂಡಲೇ ತಾವೇ ಬಗ್ ಹಿಡಿದರು.’ ಆಯ್ಕೆಯ ಸಭೆಯಲ್ಲಿ ಈ ಸಾಲಿಗೆ ಇರುವ ತೂಕ, ಮೊದಲ ಬಾರಿಗೇ ಸರಿ ಬರೆದ ಕೋಡಿಗಿಂತ ಕಡಿಮೆಯೇನಲ್ಲ.

ಗೊತ್ತಿಲ್ಲದ ವಿಷಯ ಬಂದಾಗಲೂ ಇಷ್ಟೇ. ‘ಇದನ್ನು ನಾನು ಬಳಸಿಲ್ಲ. ಇದಕ್ಕೆ ಹತ್ತಿರದ ಇಂಥದ್ದನ್ನು ಬಳಸಿದ್ದೇನೆ, ಅದರ ಮೇಲೆ ಊಹಿಸಿ ಹೇಳಲೇ?’ ಎಂದರೆ ಗೌರವ ಉಳಿಯುತ್ತದೆ, ಮಾತೂ ಮುಂದುವರಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಸುತ್ತಿ ಬಳಸಿ ಹೇಳುವವರು ಮೂರನೇ ಉಪಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಮುಂದೆ ಅವರ ನಿಜವಾದ ಅನುಭವದ ಮೇಲೂ ನಮಗೆ ಅನುಮಾನ ಬರುತ್ತದೆ.

ಅಭ್ಯಾಸ ಹೇಗಿರಬೇಕು?

ನೋಡುವವರ ಎದುರೇ ಆಗಬೇಕು, ಬಾಯಿಬಿಟ್ಟೇ ಆಗಬೇಕು. ಮೊದಲ ವಾರ ಒಬ್ಬರೇ ಕುಳಿತು, ಮಾತನಾಡುತ್ತ ಕೋಡ್ ಬರೆದು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಕೇಳಿಸಿಕೊಳ್ಳುವುದು ಮುಜುಗರ, ಆದರೂ ಕೇಳಿ. ನೀವು ಭಾವಿಸಿದ್ದಷ್ಟು ತಡವರಿಸುವುದಿಲ್ಲವೆಂದು ಗೊತ್ತಾಗುತ್ತದೆ. ಆಮೇಲೆ ಒಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಿ. ಅವರಿಗೆ ಒಂದು ಕೋರಿಕೆ ಮಾಡಿ: ನಗಬೇಡಿ, ತಲೆಯಾಡಿಸಬೇಡಿ, ಸುಮ್ಮನೆ ಟೈಪ್ ಮಾಡುತ್ತಿರಿ, ನಡುವೆ ಒಮ್ಮೆ ‘ಇಷ್ಟೇನಾ?’ ಎನ್ನಿ. ನಿಮ್ಮನ್ನು ಕೆಡಿಸಿದ್ದು ಯಾವುದೋ ಅದನ್ನೇ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಎದುರಿಸಿದರೆ ಅದರ ಮೊನೆ ಮೊಂಡಾಗುತ್ತದೆ. ಆಪ್ತ ಗೆಳೆಯರ ಜೊತೆ ಮಾತ್ರ ಅಭ್ಯಾಸ ಮಾಡಿದರೆ ಒಂದು ತೊಂದರೆಯಿದೆ, ಅವರ ಎದುರು ಭಯವೇ ಹುಟ್ಟುವುದಿಲ್ಲ. ಕೊನೆಗೊಂದೆರಡು ಬಾರಿಯಾದರೂ ಅಷ್ಟು ಪರಿಚಯವಿಲ್ಲದವರು ಬೇಕು.

ಬೇಡದ ಸಂಸ್ಥೆಗಳಿಗೆ ಅರ್ಜಿ ಹಾಕಿ ‘ಅಭ್ಯಾಸದ ಸಂದರ್ಶನ’ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎದುರಿಗಿರುವವರ ಸಮಯ ವ್ಯರ್ಥ, ತಿರಸ್ಕಾರ ಬಂದರೆ ಬೇಡದ ಕೆಲಸವಾದರೂ ಮನಸ್ಸಿಗೆ ಪೆಟ್ಟು. ನಿಜವಾಗಿ ಆಸಕ್ತಿಯಿರುವ ಸಂಸ್ಥೆಗಳಲ್ಲೇ ಅತಿ ಆಸೆಯದನ್ನು ಮೊದಲಿಗಿಡದೆ ನಡುವೆ ಇಟ್ಟುಕೊಂಡರೆ ಸಾಕು.

ಅನುಭವದ ಪ್ರಶ್ನೆಗಳಿಗೂ ತಯಾರಿ ಬೇಕು. ‘ಸಹೋದ್ಯೋಗಿಯೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?’ ಎಂಬಂಥವು. ನಾಲ್ಕೈದು ನಿಜ ಪ್ರಸಂಗಗಳನ್ನು ಆರಿಸಿ, ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ ಎಂಬ ಕ್ರಮದಲ್ಲಿ ಹೇಳಿ ನೋಡಿ. ಪದಪದವಾಗಿ ಬಾಯಿಪಾಠ ಮಾಡಬೇಡಿ. ಗಿಳಿಪಾಠ ನಡುವೆ ಒಂದು ಕಡೆ ತುಂಡಾದರೆ ಗಾಬರಿ ಇಮ್ಮಡಿಯಾಗುತ್ತದೆ.

ಉಸಿರಿನ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ನಿಯಮ. ಆದ್ದರಿಂದ ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ಕರೆಗೆ ಮುಂಚೆ ಎರಡು ಮೂರು ನಿಮಿಷ ಸಾಕು. ರೂಢಿಗಿಂತ ಹೆಚ್ಚು ಕಾಫಿ ಅಂದು ಬೇಡ.

ಚುಚ್ಚುಮಾತು ಬಿದ್ದಾಗ

‘ಏಳು ವರ್ಷದ ಅನುಭವ ಎಂದು ಬರೆದಿದ್ದೀರಲ್ಲವೇ?’ ಎಂಬ ಮಾತು ಅನಗತ್ಯವಾಗಿತ್ತು. ಸಂದರ್ಶಕರಿಗೆ ತರಬೇತಿ ಕೊಡುವವನಾಗಿ ಹೇಳುತ್ತೇನೆ, ಅದು ಕೆಟ್ಟ ಸಂದರ್ಶನದ ಲಕ್ಷಣ. ಆ ಮಾತಿನಿಂದ ಅಭ್ಯರ್ಥಿಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ನಿಮ್ಮ ಅಭಿಪ್ರಾಯದಲ್ಲೂ ಹುರುಳಿದೆ, ಇಂಥ ಪ್ರಶ್ನೆಗಳು ದಿನನಿತ್ಯದ ಕೆಲಸವನ್ನು ಎಷ್ಟು ಅಳೆಯುತ್ತವೆ ಎಂಬ ವಾದ ನಮ್ಮೊಳಗೇ ನಡೆದಿದೆ. ಗೂಗಲ್‌ನ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೋ ಬಾಕ್ 2013ರಲ್ಲಿ, ಒಗಟಿನಂಥ ಪ್ರಶ್ನೆಗಳು ಶುದ್ಧ ಸಮಯ ವ್ಯರ್ಥ ಎಂದು ಬಹಿರಂಗವಾಗಿಯೇ ಹೇಳಿದ್ದರು. ಆದರೆ ಕೋಡಿನಲ್ಲಿ ತಪ್ಪು ತೋರಿಸಿದ ಕ್ಷಣದಲ್ಲಿ ಆ ವಾದ ಎತ್ತಿದರೆ ಕೇಳುವವರಿಗೆ ಅದು ವಾದವಾಗಿ ಕೇಳಿಸುವುದಿಲ್ಲ, ನುಣುಚಿಕೊಂಡಂತೆ ಕೇಳಿಸುತ್ತದೆ. ಕೊನೆಯಲ್ಲಿ ‘ನಿಮ್ಮ ಪ್ರಶ್ನೆಗಳೇನು?’ ಎಂದು ಕೇಳುತ್ತಾರಲ್ಲ, ಆಗ ‘ಈ ತಂಡದ ದಿನನಿತ್ಯದ ಕೆಲಸದಲ್ಲಿ ಇಂಥ ಸಮಸ್ಯೆ ಎಲ್ಲಿ ಬರುತ್ತದೆ?’ ಎಂದು ಕೇಳಿದರೆ ಅದೇ ಮಾತು ಬೆಲೆಯುಳ್ಳ ಪ್ರಶ್ನೆಯಾಗುತ್ತದೆ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹಾಗಾಗಿ ಸಿಟ್ಟು ಬಂದಾಗ ಏನು ಹೇಳಬೇಕೆಂಬುದನ್ನು ಸಿಟ್ಟು ಇಲ್ಲದಾಗಲೇ ಗಟ್ಟಿಮಾಡಿಕೊಳ್ಳಿ. ಮೊದಲ ಚುಚ್ಚಿಗೆ ವಿಷಯಕ್ಕೆ ಮರಳುವುದೇ ಉತ್ತರ: ‘ಹೌದು, ಏಳು ವರ್ಷ. ಈ ಉದಾಹರಣೆಯನ್ನು ಈಗ ನಡೆಸಿ ನೋಡುತ್ತೇನೆ.’ ಸಮಜಾಯಿಷಿ ಬೇಡ, ಕ್ಷಮೆಯೂ ಬೇಡ. ಹೆಚ್ಚಿನ ಸಂದರ್ಶಕರು ಇಷ್ಟಕ್ಕೇ ಸರಿದಾರಿಗೆ ಬರುತ್ತಾರೆ. ಮತ್ತೆ ಅದೇ ಧಾಟಿ ಬಂದರೆ ನೇರವಾಗಿ ಕೇಳಿ: ‘ನಾನು ಗಮನಿಸದೆ ಬಿಟ್ಟದ್ದು ಯಾವುದು ಎಂದು ತಿಳಿಸುತ್ತೀರಾ? ಅದರ ಮೇಲೆ ಕೆಲಸ ಮಾಡುತ್ತೇನೆ.’ ಟೀಕೆ ಸಕಾರಣವಾಗಿದ್ದರೆ ಕಾರಣ ಹೊರಬರುತ್ತದೆ, ಬರಿಯ ಹಂಗಿಸುವ ಮಾತಾಗಿದ್ದರೆ ಅದು ಅವರಿಗೂ ತಿಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ನಾನು ಹೇಳಲಾರೆ. ನಿಮ್ಮ ಮನೆತನ, ರೂಪ, ಮದುವೆ, ಮಕ್ಕಳು ಇವುಗಳ ಬಗ್ಗೆ ಕೆಣಕಿದರೆ, ಬೈದರೆ, ಅಲ್ಲಿಗೆ ನಿಲ್ಲಿಸುವ ಹಕ್ಕು ನಿಮಗಿದೆ. ‘ಈ ಸಂದರ್ಶನವನ್ನು ಇಲ್ಲಿಗೆ ಮುಗಿಸಲು ಬಯಸುತ್ತೇನೆ. ನಿಮ್ಮ ಸಮಯಕ್ಕೆ ಧನ್ಯವಾದ’ ಎಂದು, ಅವರು ಕೇಳಿಸಿಕೊಂಡದ್ದು ಖಚಿತವಾದ ಮೇಲೆ ಕರೆ ಮುಗಿಸಿ. ನಡೆದದ್ದನ್ನು ಅಂದೇ ನೇಮಕಾತಿ ವಿಭಾಗಕ್ಕೆ ಬರೆದು ತಿಳಿಸಿ. ಇದರ ಬೆಲೆ ಏನೆಂದೂ ತಿಳಿದಿರಲಿ: ಆ ಕೆಲಸ ಸಿಗುವುದಿಲ್ಲ. ಆದರೆ ಮುಂದೆ ನಿಮ್ಮ ಮೇಲಧಿಕಾರಿಯಾಗಬೇಕಾದವರು ಮೊದಲ ಭೇಟಿಯಲ್ಲೇ ಹಾಗೆ ನಡೆದುಕೊಂಡಿದ್ದರೆ, ಆ ನಷ್ಟವನ್ನು ತಾಳಿಕೊಳ್ಳಬಹುದು.

ಮಾತ್ರೆ, ಮನವಿ, ಅಡ್ಡದಾರಿ

ನಿಮ್ಮ ಗೆಳೆಯ ಹೇಳಿದ್ದು ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಇರಬೇಕು. ವೇದಿಕೆಯ ಭಯಕ್ಕೆ ಕೆಲವು ವೈದ್ಯರು ಬರೆದುಕೊಡುವುದುಂಟು. ಅದು ಎದೆಬಡಿತ, ಕೈನಡುಕಗಳನ್ನು ತಗ್ಗಿಸುತ್ತದೆ, ಒಳಗಿನ ಚಿಂತೆಯನ್ನು ನೇರವಾಗಿ ಅಳಿಸುವುದಿಲ್ಲ. ಆಸ್ತಮಾ ಇರುವವರಿಗೆ ಅಪಾಯ. ರಕ್ತದೊತ್ತಡ ಅಥವಾ ನಾಡಿ ಮೊದಲೇ ಕಡಿಮೆ ಇರುವವರಿಗೂ ಆಗದು. ಮಧುಮೇಹಿಗಳಲ್ಲಿ ಸಕ್ಕರೆ ಇಳಿದಾಗಿನ ಎಚ್ಚರಿಕೆಯ ಲಕ್ಷಣಗಳನ್ನೇ ಮರೆಮಾಚಬಹುದು. ಗೆಳೆಯನ ಡಬ್ಬಿಯಿಂದ ಎರವಲು ತರುವ ವಸ್ತು ಅದಲ್ಲ. ಗಾಬರಿ ಸಂದರ್ಶನಕ್ಕಷ್ಟೇ ಸೀಮಿತವಾಗಿರದೆ ನಿದ್ದೆ ಕೆಡಿಸುತ್ತಿದ್ದರೆ, ಸಭೆಗಳಲ್ಲೂ ಕಾಡುತ್ತಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಆರಂಭದಲ್ಲೇ ‘ನನಗೆ ಸ್ವಲ್ಪ ಗಾಬರಿಯಾಗಿದೆ, ಮೊದಲೆರಡು ನಿಮಿಷ ಬರೆದುಕೊಂಡು ಆಮೇಲೆ ಮಾತನಾಡಲೇ?’ ಎನ್ನಬಹುದೇ? ಎನ್ನಬಹುದು. ನನ್ನ ಅನುಭವದಲ್ಲಿ ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಒಮ್ಮೆ ಹೇಳಿ ಬಿಡಿ, ಮತ್ತೆ ಮತ್ತೆ ಹೇಳಿದರೆ ಅದೇ ಅಂದಿನ ವಿಷಯವಾಗಿಬಿಡುತ್ತದೆ. ಎದುರು ಕುಳಿತು ಬರೆಯುವ ಬದಲು ಮನೆಯಲ್ಲಿ ಮಾಡಿ ಕಳುಹಿಸುವ ಕೆಲಸ ಕೊಡಬಹುದೇ ಎಂದೂ ನೇಮಕಾತಿಯವರನ್ನು ಮೊದಲೇ ವಿಚಾರಿಸಬಹುದು. ಕೆಲವು ಕಡೆ ಆ ಏರ್ಪಾಡು ಇರುತ್ತದೆ. ಅದು ಎರಡು ಗಂಟೆಯ ಕೆಲಸವೆಂದು ಆರಂಭವಾಗಿ ವಾರಾಂತ್ಯವನ್ನೆಲ್ಲ ನುಂಗುವುದುಂಟು, ಆದ್ದರಿಂದ ಎಷ್ಟು ಹೊತ್ತಿನದೆಂದು ಬರಹದಲ್ಲಿ ಕೇಳಿಕೊಳ್ಳಿ. ಮುಂದಿನ ಸುತ್ತಿನಲ್ಲಿ ಆ ಕೋಡನ್ನು ಹೇಗೂ ಎದುರು ಕುಳಿತೇ ವಿವರಿಸಬೇಕಾಗುತ್ತದೆ.

ಪಕ್ಕದ ಪರದೆಯಲ್ಲಿ ಕೃತಕ ಬುದ್ಧಿಮತ್ತೆಯ ಸಾಧನ ತೆರೆದಿಟ್ಟು ಓದಿ ಹೇಳುವವರು ಈಗ ಹೆಚ್ಚಾಗಿದ್ದಾರೆ. ಸಂಸ್ಥೆ ಅನುಮತಿ ಕೊಟ್ಟಿದ್ದರೆ ಧಾರಾಳವಾಗಿ ಬಳಸಿ. ಕೊಡದೆ ಬಳಸಿದರೆ, ಸಿಕ್ಕಿಬೀಳುವ ಹೆದರಿಕೆಯೂ ಸೇರಿ ನಿಮ್ಮ ಗಾಬರಿ ಇನ್ನೂ ಏರುತ್ತದೆ. ಕಣ್ಣಿನ ಓಡಾಟ, ಉತ್ತರಕ್ಕೆ ಮುಂಚಿನ ಒಂದೇ ಅಳತೆಯ ಮೌನ ಇವು ಈಚೆ ಕುಳಿತವರಿಗೆ ಬೇಗ ಗೊತ್ತಾಗುತ್ತವೆ.

ಕೊನೆಯದಾಗಿ, ನೀವು ಕಡಿದ ಆ ಕರೆ. ಸರಿಪಡಿಸಬಹುದೇ ಎಂದು ಕೇಳಿದ್ದೀರಿ. ಆ ಕೆಲಸ ಬಹುಶಃ ಹೋಯಿತು. ಆದರೂ ನೇಮಕಾತಿಯವರಿಗೆ ಒಂದು ಚಿಕ್ಕ ಪತ್ರ ಬರೆಯಿರಿ, ತಿಂಗಳಾಯಿತೆಂದು ಸಂಕೋಚ ಬೇಡ. ‘ಅಂದಿನ ಸಂದರ್ಶನವನ್ನು ನಾನು ಅರ್ಧಕ್ಕೆ ಕಡಿದದ್ದು ಸರಿಯಲ್ಲ, ಅದಕ್ಕೆ ಕ್ಷಮೆಯಿರಲಿ. ಸಂದರ್ಶಕರು ಕೊಟ್ಟ ಉದಾಹರಣೆಯನ್ನು ಆಮೇಲೆ ನಡೆಸಿ ನೋಡಿದೆ, ನನ್ನ ಕೋಡಿನಲ್ಲಿ ಎಲ್ಲಿ ತಪ್ಪಿತ್ತೆಂದು ತಿಳಿಯಿತು. ದಯವಿಟ್ಟು ಅವರಿಗೂ ತಿಳಿಸಿ.’ ಇಷ್ಟೇ ಸಾಕು. ಇದನ್ನು ಕಳುಹಿಸುವ ಮೊದಲು ಆ ಉದಾಹರಣೆಯನ್ನು ನಿಜವಾಗಿಯೂ ನಡೆಸಿ ನೋಡಿ, ನಿಮ್ಮ ಕೋಡ್ ಸರಿಯಿತ್ತೆಂದು ಕಂಡರೆ ಎರಡನೆಯ ವಾಕ್ಯವನ್ನು ಬಿಟ್ಟುಬಿಡಿ. ಗಾಬರಿಯ ವಿವರಣೆ ಬೇಡ, ಅವರ ಮಾತಿನ ಬಗ್ಗೆ ದೂರು ಈ ಪತ್ರದಲ್ಲಿ ಬೇಡ, ಇನ್ನೊಂದು ಅವಕಾಶ ಕೊಡಿ ಎಂಬ ಬೇಡಿಕೆಯೂ ಬೇಡ. ಸಂಸ್ಥೆಗಳು ಹಳೆಯ ಅರ್ಜಿಗಳ ಟಿಪ್ಪಣಿಗಳನ್ನು ಇಟ್ಟುಕೊಂಡಿರುತ್ತವೆ. ಮುಂದೊಂದು ದಿನ ನೀವು ಮತ್ತೆ ಅರ್ಜಿ ಹಾಕಿದರೆ, ‘ಕರೆ ಕಡಿದರು’ ಎಂಬ ಸಾಲಿನ ಕೆಳಗೆ ಈ ಪತ್ರವೂ ಇದ್ದರೆ ಓದುವವರಿಗೆ ಬೇರೆ ಚಿತ್ರ ಸಿಗುತ್ತದೆ. ಉತ್ತರ ಬಾರದಿದ್ದರೆ ಎರಡನೇ ಪತ್ರ ಬರೆಯಬೇಡಿ.